ಶಾಲಿನ ಸನ್ಮಾನ, ಸಾಲದ ಸಂಸಾರ

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅಂದು ಊರೂರಿನ ಪುರಸಭೆ, ನಗರಸಭೆಗಳ ಮುಂದೆ ಚಪ್ಪರ ಏಳುತ್ತದೆ. ದಾನಿಗಳು, ಸೇವಾಸಂಘಗಳ ಪದಾಧಿಕಾರಿಗಳು, ಜನಪ್ರತಿನಿಧಿಗಳು, ಗುತ್ತಿಗೆದಾರರು ವೇದಿಕೆಯ ಮೇಲೆ ಸಾಲಾಗಿ ಕೂಡುತ್ತಾರೆ. ಬೆಳಗಿನ ಜಾವ ಬೀದಿ ಗುಡಿಸಿ ಬಂದವರನ್ನು ಒಬ್ಬೊಬ್ಬರಾಗಿ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ‘ನೀವೇ ನಮ್ಮೂರಿನ ನಿಜವಾದ ವೀರರು’ ಎಂದು ಭಾಷಣ ಮಾಡುತ್ತಾರೆ. ಸಂತೋಷ. ಆದರೆ ಶಾಲು ಹೊದ್ದವರಲ್ಲಿ ಎಷ್ಟು ಮಂದಿಗೆ ಹಿಂದಿನ ತಿಂಗಳ ಸಂಬಳ ಕೈಸೇರಿದೆ ಎಂಬ ಪ್ರಶ್ನೆ ಮಾತ್ರ ಆ ವೇದಿಕೆಯಿಂದ ಕೇಳಿಬರುವುದಿಲ್ಲ.

ಆ ಪ್ರಶ್ನೆಯನ್ನು ನಾವು ಕೇಳುತ್ತೇವೆ, ಬಂಧುಗಳೇ. ಏಕೆಂದರೆ ಇಂಥ ಸನ್ಮಾನಗಳಿಗೂ ಧರ್ಮಕಾರ್ಯಗಳಿಗೂ ಹಣ ಹೊರಡುವುದು ನಿಮ್ಮ ಜೇಬಿನಿಂದ. ರಸೀತಿ ಪುಸ್ತಕ ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ನಿಂತ ದೊಡ್ಡಮನುಷ್ಯರಿಗೆ ಚಿಲ್ಲರೆ ವ್ಯಾಪಾರಿ ಇಲ್ಲವೆನ್ನಲಾರ. ಒಂದು ದಿನದ ಕೂಲಿ ವಂತಿಗೆಗೆ ಹಿಡಿದುಕೊಂಡರೆ ಗಿರಣಿಯ ಕಾರ್ಮಿಕ ಬೇಡವೆನ್ನಲಾರ. ಕೊನೆಗೆ ಬ್ಯಾನರಿನ ಮೇಲೆ ಹೆಸರು ಮಾತ್ರ ಮತ್ತೊಬ್ಬರದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

2020ನೇ ಇಸವಿಯನ್ನು ನೆನೆಯಿರಿ. ಮಾರ್ಚ್ 22ರಂದು ದೇಶವೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಮೇ 3ರಂದು ವಾಯುಸೇನೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ‘ಕೊರೋನಾ ವೀರರು’ ಎಂಬ ಬಿರುದು ಬೀದಿಬೀದಿಯಲ್ಲಿ ಹಂಚಿಕೆಯಾಯಿತು. ಅದೇ ವರ್ಷ ಜುಲೈ 10ರಂದು ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿ. 2025ರ ಜನವರಿಯಲ್ಲಿ ಅದೇ ತಾಯಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಧರಣಿ ಕುಳಿತ ಮೇಲೆ ಸರ್ಕಾರ 10,000 ರೂಪಾಯಿಯ ಭರವಸೆ ಕೊಟ್ಟಿತು. ಐದು ವರ್ಷದ ಹಿಂದೆ ಕೇಳಿದ್ದಕ್ಕಿಂತ 2,000 ಕಡಿಮೆ!

ಆ ಹಣದ ಹೆಸರನ್ನೂ ಗಮನಿಸಿ: ‘ಗೌರವಧನ’. ಸಂಬಳವೆಂದು ಕರೆದರೆ ಕನಿಷ್ಠ ವೇತನದ ಕಾನೂನು ಬಾಗಿಲಿಗೆ ಬರುತ್ತದೆ. ಗೌರವವೆಂದು ಕರೆದರೆ ಕಾನೂನು ಹೊಸ್ತಿಲ ಹೊರಗೇ ನಿಲ್ಲುತ್ತದೆ. ದುಡಿದವರಿಗೆ ಕೊಡಬೇಕಾದುದನ್ನು ಕೊಡದೆ ತಪ್ಪಿಸಿಕೊಳ್ಳಲು ಗೌರವಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಇನ್ನು ‘ಬಾಳು ಕಟ್ಟಿಕೊಡುವ’ ಮಾತು. ಒಳಚರಂಡಿಯ ಗುಂಡಿಗಿಳಿದು ಉಸಿರುಗಟ್ಟಿ ಸತ್ತವನ ಮನೆಗೆ ಹೋಗಿ, ಹೆಂಡತಿಯ ಕೈಗೆ ಹತ್ತು ಸಾವಿರದ ಲಕೋಟೆ ಕೊಟ್ಟು, ಹೊಲಿಗೆ ಯಂತ್ರವೊಂದನ್ನು ಇಳಿಸಿ, ಫೋಟೋ ತೆಗೆಸಿಕೊಂಡು ಬರುವ ದಾನಿಗಳಿದ್ದಾರೆ. ಕಷ್ಟದ ದಿನ ಹತ್ತು ಸಾವಿರವೂ ದೊಡ್ಡದೇ. ಆದರೆ ಆ ತಾಯಿಗೆ ಸಲ್ಲಬೇಕಾದ್ದು ಎಷ್ಟು? 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಆಜ್ಞೆ ಮಾಡಿತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತವಾಗಿ ಅಂಗವಿಕಲನಾದವನಿಗೆ 20 ಲಕ್ಷ ಎಂದಿತು. 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಗುಂಡಿಗಿಳಿಸುವುದೇ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು. 30 ಲಕ್ಷದ ಹಕ್ಕುದಾರಳಿಗೆ ಹತ್ತು ಸಾವಿರ ಕೊಟ್ಟು, ಜೊತೆಗೆ ‘ದೂರು ಗೀರು ಬೇಡಮ್ಮ, ಗುತ್ತಿಗೆದಾರರು ಒಳ್ಳೆಯವರು’ ಎಂಬ ಬುದ್ಧಿಮಾತನ್ನೂ ಹೇಳಿ ಬಂದರೆ ಅದು ದಾನವೆನಿಸದು. ಅದು ಬಾಯಿಗೆ ಹಾಕಿದ ಬೀಗ.

ಬದುಕಿರುವವರ ಬಾಳಿಗೂ ಅದೇ ಕಾಯ್ದೆಯಲ್ಲಿ ದಾರಿಯಿದೆ. ಮಲ ಬಳಿಯುವ ಕೆಲಸದಿಂದ ಬಿಡುಗಡೆಯಾದವರಿಗೆ ಗುರುತಿನ ಚೀಟಿ, ಒಂದಾವರ್ತಿ ಧನಸಹಾಯ, ಮಕ್ಕಳಿಗೆ ವಿದ್ಯಾರ್ಥಿವೇತನ, ನಿವೇಶನ ಮತ್ತು ಮನೆ ಕಟ್ಟಲು ಹಣ, ತಿಂಗಳಿಗೆ 3,000 ರೂಪಾಯಿಗೆ ಕಡಿಮೆಯಿಲ್ಲದ ಭತ್ಯೆಯೊಡನೆ ಕಸುಬಿನ ತರಬೇತಿ, ಬೇರೆ ಉದ್ಯೋಗ ಹೂಡಲು ಸಾಲ ಮತ್ತು ಸಹಾಯಧನ. ಇವೆಲ್ಲ ಯಾರ ಧರ್ಮವೂ ಅಲ್ಲ. ಪಾರ್ಲಿಮೆಂಟು ಬರೆದುಕೊಟ್ಟ ಹಕ್ಕು.

ಈ ನಾಡಿನಲ್ಲಿ 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಆದರೂ 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯಿತು? ಇದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸಹೊರಟ ಪುರಸಭೆಯ ವಿರುದ್ಧ ಭಂಗಿ ಜನ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಊರನ್ನು ಶುಚಿ ಮಾಡಿದವರಿಗೆ ಊರಿನ ಕಣ್ಣು ತಮ್ಮ ಕಡೆ ತಿರುಗಿಸಲು ಬೇರೆ ದಾರಿ ಉಳಿದಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯಿದೆ. ಇಂಥಲ್ಲಿ ಮುನ್ನೂರು ರೂಪಾಯಿಯ ಶಾಲಿನಿಂದ ಬಂದೀತೇ?

‘ಹಾಗಾದರೆ ಸಹಾಯವೇ ಬೇಡವೇ? ಸನ್ಮಾನವೇ ತಪ್ಪೇ?’ ಎಂದು ದಾನಿ ಮಹಾಶಯರು ಕೇಳಬಹುದು. ಬೇಕು. ಹಸಿವು ಕೋರ್ಟಿನ ತಾರೀಖಿಗೆ ಕಾಯುವುದಿಲ್ಲ. ಗಿರಣಿಯಲ್ಲಿ ಕೈ ಕಳೆದುಕೊಂಡ ಸಂಗಾತಿಗೆ ಜೊತೆಯವರು ಅಕ್ಕಿ ಕೂಡಿಸಿ ಕೊಡುವುದು, ಅಂಗಡಿ ಸುಟ್ಟುಹೋದವನಿಗೆ ನೆರೆಯ ಅಂಗಡಿಯವರು ಸರಕು ಕಡ ಕೊಡುವುದು ನಮ್ಮ ಬಾಳಿನಲ್ಲಿ ಹಿಂದಿನಿಂದ ಬಂದ ಮುಯ್ಯಿ. ಅಲ್ಲಿ ಕೊಟ್ಟವನು ಮೇಲಲ್ಲ, ಪಡೆದವನು ಕೀಳಲ್ಲ. ನಾಳೆ ಸರದಿ ಬದಲಾಗುತ್ತದೆ. ನಮ್ಮ ತಕರಾರು ಹಕ್ಕಿನ ಜಾಗದಲ್ಲಿ ಕೂತ ದಾನದ ಮೇಲೆ. 1951ರಲ್ಲಿ ಕಾಗೋಡಿನ ಗೇಣಿದಾರರು ಧಣಿಯ ಬಳಿ ದಾನ ಬೇಡಲಿಲ್ಲ. ಗೇಣಿ ಅಳೆಯುವ ಕೊಳಗ ಸರಿಯಾಗಿರಲಿ ಎಂದರು.

ಆದುದರಿಂದ ಮುಂದಿನ ಸಲ ರಸೀತಿ ಪುಸ್ತಕ ಬಂದಾಗ ಮೂರು ಮಾತು ಕೇಳಿ. ಒಂದು, ಸನ್ಮಾನ ಮತ್ತು ಸಹಾಯ ಪಡೆಯುವವರ ಪ್ರತಿನಿಧಿ ನಿಮ್ಮ ಸಮಿತಿಯಲ್ಲಿದ್ದಾರೆಯೇ? ಎರಡು, ಸಹಾಯಕ್ಕೆ ಮುನ್ನ ಅವರ ಪರಿಹಾರದ ಅರ್ಜಿ, ಬಾಕಿ ಸಂಬಳ, ಭವಿಷ್ಯನಿಧಿಯ ಜಮೆ ಇವುಗಳನ್ನು ವಿಚಾರಿಸಿ ಕಚೇರಿಗೆ ಅವರೊಡನೆ ನಡೆದಿದ್ದೀರಾ? ಮೂರು, ಚಪ್ಪರಕ್ಕೆಷ್ಟು, ಊಟಕ್ಕೆಷ್ಟು, ಕುಟುಂಬದ ಕೈಗೆಷ್ಟು ಎಂಬ ಲೆಕ್ಕವನ್ನು ಊರ ಮುಂದೆ ತೂಗುಹಾಕುತ್ತೀರಾ? ಮೂರಕ್ಕೂ ಹೌದೆಂದರೆ ಧಾರಾಳವಾಗಿ ಕೊಡಿ. ಇಲ್ಲವೆಂದರೆ ಅದೇ ಹಣವನ್ನು ಆ ಕುಟುಂಬದ ವಕೀಲರ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ ನೀವೇ ಮುಟ್ಟಿಸಿ.

ಪುರಸಭೆಗೂ ಒಂದು ಲೆಕ್ಕ ಕೇಳಿ. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕೆಂದು 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಹೇಳಿತು. ಸರ್ಕಾರ ಅದನ್ನು 700 ಜನಕ್ಕೆ ಒಬ್ಬ ಎಂದು ಸಡಿಲಿಸಿತು. 1,40,000 ಜನರ ಊರಿಗೆ ಸಾಲಪ್ಪನವರ ಲೆಕ್ಕದಲ್ಲಿ 280, ಸರ್ಕಾರದ ಲೆಕ್ಕದಲ್ಲಿ 200 ಮಂದಿ. ನಿಮ್ಮೂರ ಹಾಜರಿ ಪುಸ್ತಕದಲ್ಲಿ ಎಷ್ಟಿದ್ದಾರೆ? ಕಡಿಮೆಯಿದ್ದರೆ, ಇಲ್ಲದವರ ಕೆಲಸವೂ ಇರುವವರ ಬೆನ್ನ ಮೇಲೆ ಬಿದ್ದಿದೆ ಎಂದೇ ಅರ್ಥ.

2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಂ ನೌಕರಿ ಕೇಳಿದರು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12,000ಕ್ಕೂ ಹೆಚ್ಚು ಮಂದಿಗೆ ನೇಮಕದ ಆದೇಶ ಸಿಕ್ಕಿತು. ಅದನ್ನು ತಂದುಕೊಟ್ಟದ್ದು ಯಾವ ಸನ್ಮಾನ ಸಮಿತಿಯೂ ಅಲ್ಲ, ಅವರದೇ ಒಗ್ಗಟ್ಟು. ವೀರರನ್ನು ಗೌರವಿಸುವ ಮನಸ್ಸು ನಿಜವಾಗಿದ್ದರೆ ಊರಿನವರು ಅವರ ಮುಷ್ಕರದ ದಿನ ಪಕ್ಕದಲ್ಲಿ ನಿಲ್ಲಲಿ. ಶಾಲನ್ನು ಆಮೇಲೆ ಹೊದಿಸಬಹುದು.