ಚಿಕಿತ್ಸೆಯೂ ತೂಕಕ್ಕೆ ಬರಲಿ

ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೀಳದೆ ವ್ಯಾಪಾರ ನಡೆಸುವಂತಿಲ್ಲ. ಗಿರಣಿಯ ಬಟ್ಟೆ ಅಳತೆಗೆ ಸರಿಯಿದೆಯೇ ಎಂದು ನೋಡುವವರಿದ್ದಾರೆ. ಆದರೆ ತೀವ್ರ ಮನೋರೋಗದಿಂದ ನರಳುವ ಮಗನನ್ನೋ ತಂಗಿಯನ್ನೋ ಕರೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದ ಬಡವನಿಗೆ ಸಿಕ್ಕ ಚಿಕಿತ್ಸೆ ಸರಿಯಾದ ಅಳತೆಯದೇ ಎಂದು ಕೇಳುವವರು ಯಾರು?

ಮಾತ್ರೆಯಾದರೆ ಇಷ್ಟು ಮಿಲಿಗ್ರಾಂ ಎಂದು ಚೀಟಿಯ ಮೇಲೆ ಬರೆದಿರುತ್ತದೆ. ಆದರೆ ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಮಾತ್ರೆಯೊಂದೇ ಸಾಲದು. ಮನೆಯವರಿಗೆ ತಿಳಿವಳಿಕೆ ಕೊಡುವುದು, ರೋಗಿಗೆ ಕೆಲಸ ದೊರಕಿಸುವುದು, ಊರಿನಲ್ಲೇ ಬಾಳಲು ಆಸರೆಯಾಗುವುದು, ಇವೂ ಚಿಕಿತ್ಸೆಯೇ. ಇವಕ್ಕೆ ಮಿಲಿಗ್ರಾಂ ಇಲ್ಲ. ಆದ್ದರಿಂದ ಐದು ನಿಮಿಷದ ಉಪದೇಶವೂ ಆಪ್ತಸಲಹೆ ಎಂಬ ಹೆಸರಿನಲ್ಲಿ ದಫ್ತರಕ್ಕೆ ಏರಬಹುದು.

ಇಂಥದ್ದನ್ನು ಅಳೆಯಲಾಗದು ಎಂಬುದು ಬರಿಯ ನೆಪ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1970ರ ದಶಕದ ಆರಂಭದಲ್ಲಿ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮೊದಲಾದವರು ಚಿಕಿತ್ಸೆಯ ತಂಡವನ್ನೇ ರೋಗಿಯ ಮನೆಬಾಗಿಲಿಗೆ ಕಳಿಸುವ ಪದ್ಧತಿಯನ್ನು ಕಟ್ಟಿದರು. ಹೆಸರು ಬೇಗ ಹರಡಿತು. ಹೆಸರಿನೊಡನೆ ಪದ್ಧತಿಯೂ ಹೋಯಿತೇ? ಅದನ್ನು ನೋಡಲು 1998ರಲ್ಲಿ ಒಂದು ಅಳತೆಗೋಲು ಪ್ರಕಟವಾಯಿತು. ಅದರಲ್ಲಿ 28 ಅಂಶಗಳು. ಒಂದೊಂದಕ್ಕೆ 1ರಿಂದ 5 ಅಂಕ. ಒಬ್ಬ ಸಿಬ್ಬಂದಿಗೆ 10 ಅಥವಾ ಅದಕ್ಕೂ ಕಡಿಮೆ ರೋಗಿಗಳಿದ್ದರೆ 5 ಅಂಕ. 50 ಅಥವಾ ಅದಕ್ಕೂ ಹೆಚ್ಚಿದ್ದರೆ 1. ನೂರಕ್ಕೆ 80 ಭೇಟಿಗಳು ಕಚೇರಿಯ ಹೊರಗೆ, ರೋಗಿ ಬಾಳುವ ಕಡೆಯಲ್ಲೇ ನಡೆದಿದ್ದರೆ 5. ಪರೀಕ್ಷಕರು ದಫ್ತರ ನೋಡುತ್ತಾರೆ, ಸಿಬ್ಬಂದಿಯನ್ನು ವಿಚಾರಿಸುತ್ತಾರೆ, ಕೆಲಸವನ್ನು ಕಣ್ಣಾರೆ ಕಾಣುತ್ತಾರೆ.

ಅಮೆರಿಕದ 8 ರಾಜ್ಯಗಳ 53 ಕೇಂದ್ರಗಳಲ್ಲಿ ಇಂಥ ಐದು ಪದ್ಧತಿಗಳನ್ನು ಜಾರಿಗೆ ತಂದು ಅಳೆದ ವರದಿ 2007ರಲ್ಲಿ ಬಂತು. ತರಬೇತಿ ಕೊಟ್ಟು, ಬೆನ್ನಿಗೆ ನಿಂತು ನಡೆಸಿದರೂ ಎರಡು ವರ್ಷದ ಕೊನೆಗೆ ಪದ್ಧತಿಯನ್ನು ಚೆನ್ನಾಗಿ ಪಾಲಿಸಿದವು ಅರ್ಧಕ್ಕಿಂತ ತುಸು ಹೆಚ್ಚು ಕೇಂದ್ರಗಳು ಮಾತ್ರ. ಹಣವಂತ ದೇಶದ ಗತಿಯೇ ಹೀಗಾದರೆ, ಅಳೆಯದೆಯೇ ಎಲ್ಲವೂ ಸರಿಯಿದೆ ಎನ್ನುವವರ ಮಾತನ್ನು ನಂಬುವುದು ಹೇಗೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಳತೆಗೋಲು ಕೆಲಸಗಾರನ ಬೆನ್ನಿಗೆ ಬೀಳುವ ಕೋಲಾಗಬಾರದು. ಒಬ್ಬ ದಾದಿಯ ತಲೆಗೆ ಐವತ್ತು ರೋಗಿಗಳನ್ನು ಕಟ್ಟಿದ ಮೇಲೆ ಅಂಕ ಬೀಳುವುದು ಆಕೆಯ ತಪ್ಪಲ್ಲ. ನೇಮಕ ಮಾಡದೆ ಕುಳಿತವರ ತಪ್ಪು. ಕೆಟ್ಟ ನೂಲು ಕೊಟ್ಟು ನೇಯ್ಗೆಯವನಿಗೆ ದಂಡ ಹಾಕುವ ನ್ಯಾಯವನ್ನು ನಮ್ಮ ಓದುಗರು ಬಲ್ಲರು. ಈ ಅಳತೆಗೋಲು ತಂಡದ ದುಡಿಮೆಯ ಜೊತೆಗೆ ಆಡಳಿತದ ಜಿಪುಣತನವನ್ನೂ ಅಂಕಿಯಲ್ಲಿ ತೋರಿಸುತ್ತದೆ. ಅದರ ನಿಜವಾದ ಬೆಲೆ ಅದೇ. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವ ಅಂತಃಕರಣ ಅದಕ್ಕೆ ಪೂರ್ತಿ ಸಿಕ್ಕದು, ಒಪ್ಪುತ್ತೇವೆ. ಆದರೆ ಬಿಡುವೇ ಇಲ್ಲದವನ ಅಂತಃಕರಣ ರೋಗಿಯನ್ನು ಮುಟ್ಟುವುದಾದರೂ ಎಂದು?

ಇದು ದೂರ ದೇಶದ ಮಾತು ಮಾತ್ರವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳ 282 ರೋಗಿಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ರೋಗಿಗಳ ಬಳಿಗೇ ಹೋಗಿ ನೆರವಾದಾಗ, ಬರಿಯ ಆಸ್ಪತ್ರೆಯ ಚಿಕಿತ್ಸೆಗಿಂತ ಗುಣ ಹೆಚ್ಚು ಕಂಡಿತು. ಗುಣ ದೊಡ್ಡದಲ್ಲ, ಆದರೆ ನಿಜವಾದದ್ದು. ಆ ತರಬೇತಿ, ಆ ಮೇಲ್ವಿಚಾರಣೆ ಬಿಟ್ಟು ಹೆಸರನ್ನಷ್ಟೇ ತಂದರೆ ಆ ಗುಣವೂ ಬಾರದು.

2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಹಕ್ಕಾದ ಮೇಲೆ ಅದಕ್ಕೆ ತೂಕ ಬೇಡವೇ? ಪ್ರತಿ ಜಿಲ್ಲೆಯ ಕಾರ್ಯಕ್ರಮವನ್ನು ವರ್ಷಕ್ಕೊಮ್ಮೆ ಹೊರಗಿನವರು ಅಳೆಯಲಿ. ಅಳೆಯುವವರಲ್ಲಿ ರೋಗಿಗಳ ಮನೆಯವರೂ ಇರಲಿ. ಬಂದ ಅಂಕವನ್ನು ಆಸ್ಪತ್ರೆಯ ಬಾಗಿಲಲ್ಲೇ ಬರೆದು ಹಾಕಲಿ. ಕಾಳು ಕೊಳ್ಳುವವನು ಮುಳ್ಳು ನೋಡಿ ಕೊಳ್ಳುತ್ತಾನೆ. ಬದುಕನ್ನೇ ಒಪ್ಪಿಸಿ ನಿಂತವನಿಗೆ ಅಷ್ಟು ಹಕ್ಕಾದರೂ ಇರಬೇಕು.