ಒಂದು ‘ಲೇ’ ಎಲ್ಲಿ ಹೋಯಿತು?

ಕನ್ನಡದ ಅವಧಾರಣೆಯ ‘ಏ’ಕಾರ ನೋಡಲು ಬಹಳ ಸಣ್ಣದು. ‘ಅವನು ಬಂದ’ ಎಂದರೆ ಅದೊಂದು ಸುದ್ದಿ. ‘ಅವನೇ ಬಂದ’ ಎಂದರೆ ಬೇರೆಯವರಿಗೆ ಬಾಗಿಲು ಮುಚ್ಚಿದ ಹಾಗೆ. ‘ನಂಬಿಕೆಯಿಂದ’ ಮತ್ತು ‘ನಂಬಿಕೆಯಿಂದಲೇ’ ಎಂಬ ಎರಡು ಮಾತುಗಳ ನಡುವೆ ಇರುವುದೂ ಅಷ್ಟೇ, ಒಂದು ‘ಲೇ’. ಪಶ್ಚಿಮದ ಕ್ರೈಸ್ತ ಜಗತ್ತು ಐನೂರು ವರ್ಷಗಳಿಂದ ಈ ಒಂದಕ್ಷರಕ್ಕಾಗಿ ವಾದಿಸುತ್ತಾ ಬಂದಿದೆ. 1994ರಲ್ಲಿ ಅಮೆರಿಕದ ಕೆಲವು ಇವ್ಯಾಂಜೆಲಿಕಲ್ ನಾಯಕರು ಅದನ್ನು ಸದ್ದಿಲ್ಲದೆ ಬಿಟ್ಟು ಒಂದು ಹೇಳಿಕೆಗೆ ಸಹಿ ಹಾಕಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೂ ಅವರು ಮಾಡಿದ್ದು ತಪ್ಪು ಎನ್ನುವುದು ನನ್ನ ವಾದ.

ಪ್ರಶ್ನೆ ಇದು: ಪಾಪಿಯಾದ ಮನುಷ್ಯ ದೇವರ ಮುಂದೆ ನೀತಿವಂತನೆಂಬ ತೀರ್ಪು ಪಡೆಯುವುದು ಹೇಗೆ? 1522ರಲ್ಲಿ ಮಾರ್ಟಿನ್ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ‘ನಂಬಿಕೆಯಿಂದ’ ಎಂಬಲ್ಲಿ ‘ಮಾತ್ರ’ ಎಂಬರ್ಥದ ಪದವೊಂದನ್ನು ಸೇರಿಸಿದ. ಗ್ರೀಕ್ ಮೂಲದಲ್ಲಿ ಆ ಪದವಿಲ್ಲ. ವಿರೋಧಿಗಳು ಹಿಡಿದುಕೊಂಡರು. 1530ರಲ್ಲಿ ಅನುವಾದದ ಬಗ್ಗೆ ಒಂದು ಬಹಿರಂಗ ಪತ್ರ ಬರೆದ ಲೂಥರ್, ಜರ್ಮನ್ ನುಡಿಯ ಜಾಯಮಾನಕ್ಕೆ ಆ ಪದ ಬೇಕು, ಪೌಲನ ಅರ್ಥವೂ ಅದನ್ನೇ ಕೇಳುತ್ತದೆ ಎಂದು ಸಮರ್ಥಿಸಿಕೊಂಡ. ಕಥೋಲಿಕ ಸಭೆಯ ಉತ್ತರ 1547ರಲ್ಲಿ ಟ್ರೆಂಟ್ ಮಹಾಸಭೆಯಿಂದ ಬಂತು. ದೇವರ ಕೃಪೆಯೊಂದಿಗೆ ಮನುಷ್ಯ ಸಹಕರಿಸಬೇಕಾದ್ದು ಏನೂ ಇಲ್ಲ ಎಂಬರ್ಥದಲ್ಲಿ ‘ನಂಬಿಕೆಯಿಂದಲೇ’ ಎನ್ನುವವರನ್ನು ಅದು ಬಹಿಷ್ಕರಿಸಿತು. ‘ನಂಬಿಕೆಯಿಂದ ಮಾತ್ರ’ ಎಂಬ ಪದಪುಂಜ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ, ಯಾಕೋಬನ ಪತ್ರದಲ್ಲಿ, ಅದೂ ನಿರಾಕರಣೆಯ ರೂಪದಲ್ಲಿ ಎಂದು ಕಥೋಲಿಕರು ಇಂದಿಗೂ ನೆನಪಿಸುತ್ತಾರೆ. ಅದೂ ನಿಜವೇ. ಎರಡೂ ಕಡೆಯವರು ತಮ್ಮ ಮಾತಿನ ಬೆಲೆ ತಿಳಿದು ಮಾತಾಡುತ್ತಿದ್ದರು ಎನ್ನುವುದು ಇಲ್ಲಿ ಮುಖ್ಯ.

ಒಂದಕ್ಷರಕ್ಕೆ ಇಷ್ಟು ರಾದ್ಧಾಂತವೇ ಎಂದು ಕನ್ನಡದ ಓದುಗರು ಕೇಳಲಾರರು. ಉಡುಪಿಯ ಮಧ್ವಾಚಾರ್ಯರು ‘ತತ್ತ್ವಮಸಿ’ಯನ್ನು ‘ಅತತ್ತ್ವಮಸಿ’ ಎಂದು ಬಿಡಿಸಿ ಓದಿದಾಗ ಅಲ್ಲಿ ಕಂಡದ್ದು ಒಂದು ‘ಅ’ಕಾರ. ಆ ಅಕಾರದ ಆಚೆ ಅದ್ವೈತ, ಈಚೆ ದ್ವೈತ. ‘ಎರಡೂ ಒಂದೇ ಬಿಡಿ’ ಎಂದು ಹೇಳಿದವರನ್ನು ಶಂಕರರ ಅನುಯಾಯಿಗಳೂ ಒಪ್ಪುವುದಿಲ್ಲ, ಮಧ್ವರ ಅನುಯಾಯಿಗಳೂ ಒಪ್ಪುವುದಿಲ್ಲ.

ಈಗ 1994ಕ್ಕೆ ಬರೋಣ. ಆ ವರ್ಷದ ಮಾರ್ಚ್ 29ರಂದು ‘ಇವ್ಯಾಂಜೆಲಿಕಲರು ಮತ್ತು ಕಥೋಲಿಕರು ಒಟ್ಟಾಗಿ’ ಎಂಬ ಹೇಳಿಕೆ ಹೊರಬಂತು. ಅದರ ಹಿಂದಿದ್ದವರು ವಾಟರ್‌ಗೇಟ್ ಹಗರಣದಲ್ಲಿ ಜೈಲು ಕಂಡು, ಆಮೇಲೆ ಕೈದಿಗಳ ನಡುವೆ ಸೇವೆಗಿಳಿದ ಚಾರ್ಲ್ಸ್ ಕೋಲ್ಸನ್ ಮತ್ತು ಲೂಥರನ್ ಪಾದ್ರಿಯಾಗಿದ್ದು ಕಥೋಲಿಕ ಸಭೆಗೆ ಸೇರಿದ ರಿಚರ್ಡ್ ಜಾನ್ ನ್ಯೂಹೌಸ್. ಬೆಂಬಲಿಸಿ ಸಹಿ ಹಾಕಿದವರಲ್ಲಿ ಬಿಲ್ ಬ್ರೈಟ್, ಪ್ಯಾಟ್ ರಾಬರ್ಟ್‌ಸನ್ ಇದ್ದರು. ಎಲ್ಲರಿಗಿಂತ ಹೆಚ್ಚು ಅಚ್ಚರಿ ಹುಟ್ಟಿಸಿದ ಹೆಸರು ಜೆ. ಐ. ಪ್ಯಾಕರ್ ಅವರದು. ಸುಧಾರಣಾ ಪರಂಪರೆಯ ದೇವಶಾಸ್ತ್ರವನ್ನು ಸಾಮಾನ್ಯ ಓದುಗರ ಮನೆಗೆ ತಲುಪಿಸಿದ ಬರಹಗಾರ ಅವರು.

ಕಾರಣಗಳು ಹಗುರವಾದವಲ್ಲ. ಗರ್ಭಪಾತದ ಪ್ರಶ್ನೆಯಲ್ಲಿ ಎರಡೂ ಗುಂಪು ಒಂದೇ ಬೀದಿಯಲ್ಲಿ ನಿಂತಿದ್ದವು. ಲ್ಯಾಟಿನ್ ಅಮೆರಿಕದಲ್ಲಿ ಅದೇ ಗುಂಪುಗಳು ಪರಸ್ಪರ ಕಚ್ಚಾಡುತ್ತಿದ್ದವು. ಒಬ್ಬರ ಕುರಿಗಳನ್ನು ಇನ್ನೊಬ್ಬರು ಕದಿಯುವುದು ಬೇಡ ಎಂದು ಹೇಳಿಕೆ ಕೇಳಿಕೊಂಡಿತು. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಆದರೆ ಅದು ಮುಂದೆ ಹೋಗಿ, ಕ್ರಿಸ್ತನ ನಿಮಿತ್ತ, ಕೃಪೆಯಿಂದ, ನಂಬಿಕೆಯ ಮೂಲಕ ನಾವು ನೀತಿವಂತರೆನಿಸುತ್ತೇವೆ ಎಂಬುದನ್ನು ಎರಡೂ ಕಡೆಯವರು ಒಟ್ಟಾಗಿ ಒಪ್ಪುತ್ತೇವೆ ಎಂದು ಸಾರಿತು. ‘ನಂಬಿಕೆಯ ಮೂಲಕ’. ‘ನಂಬಿಕೆಯ ಮೂಲಕವೇ’ ಅಲ್ಲ. ನಂಬಿಕೆ ಬೇಡ ಎಂದು ಟ್ರೆಂಟ್ ಯಾವತ್ತೂ ಹೇಳಿರಲಿಲ್ಲ. ಹಾಗಾಗಿ ಈ ವಾಕ್ಯವನ್ನು 1547ರಲ್ಲೂ ಯಾವ ಕಥೋಲಿಕ ಬಿಷಪ್ಪನಾದರೂ ಒಪ್ಪಬಹುದಿತ್ತು. ಜಗಳವೇ ಇಲ್ಲದ ವಾಕ್ಯವನ್ನು ಹುಡುಕಿ, ಅದನ್ನು ಜಗಳ ಮುಗಿಸಿದ ವಾಕ್ಯವೆಂಬಂತೆ ಮಂಡಿಸಲಾಯಿತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಹೇಳಿಕೆ ಭಿನ್ನಮತಗಳ ಪಟ್ಟಿಯನ್ನೂ ಕೊಟ್ಟಿತ್ತು: ಸಭೆಯ ಸ್ವರೂಪ, ಸತ್ಯವೇದದ ಅಧಿಕಾರ, ದೀಕ್ಷಾಸ್ನಾನ, ಪ್ರಭುಭೋಜನ, ಮರಿಯಳ ಬಗೆಗಿನ ಭಕ್ತಿ, ಹೀಗೆ. ಪಟ್ಟಿ ಉದ್ದವಾಗಿಯೇ ಇತ್ತು. ಆದರೆ ಎರಡು ಸಭೆಗಳನ್ನು ಒಡೆದ ಮೂಲ ಪ್ರಶ್ನೆಯಾದ ನೀತಿನಿರ್ಣಯ ಮಾತ್ರ ಅದರಲ್ಲಿ ಇರಲಿಲ್ಲ. ಅಣ್ಣತಮ್ಮಂದಿರ ವ್ಯಾಜ್ಯದ ರಾಜಿಪತ್ರದಲ್ಲಿ ಪಾತ್ರೆಪಗಡಿಯ ಲೆಕ್ಕವೆಲ್ಲ ಬರೆದು, ಜಮೀನಿನ ವಿಷಯ ಬಿಟ್ಟಂತೆ.

ಆರ್. ಸಿ. ಸ್ಪ್ರೌಲ್, ಜಾನ್ ಮೆಕಾರ್ಥರ್, ಡಿ. ಜೇಮ್ಸ್ ಕೆನಡಿ ಮೊದಲಾದವರು ಇದನ್ನು ಗುರುತಿಸಿದರು. 1995ರ ಜನವರಿಯಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಎರಡೂ ಕಡೆಯ ಇವ್ಯಾಂಜೆಲಿಕಲ್ ನಾಯಕರು ಮುಖಾಮುಖಿ ಕೂತರು. ಸಹಿ ಹಾಕಿದವರು ಒಂದು ಸ್ಪಷ್ಟೀಕರಣ ಕೊಟ್ಟರು. ಅದೇ ವರ್ಷ ಸ್ಪ್ರೌಲ್ ಆ ‘ಮಾತ್ರ’ವನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಪುಸ್ತಕ ತಂದರು. ಅವರ ಸ್ವರ ಕೆಲವೊಮ್ಮೆ ಕಟುವಾಗಿತ್ತು. ಆದರೆ ಅವರು ಕೇಳಿದ ಪ್ರಶ್ನೆ ಸಾಹಿತ್ಯದ ಯಾವುದೇ ಒಳ್ಳೆಯ ವಿದ್ಯಾರ್ಥಿ ಕೇಳಬೇಕಾದ್ದು: ಇಲ್ಲಿ ಇರಬೇಕಾಗಿದ್ದ ಪದ ಯಾಕಿಲ್ಲ?

1997ರಲ್ಲಿ ಅದೇ ಬಳಗ ‘ರಕ್ಷಣೆಯ ವರ’ ಎಂಬ ಇನ್ನೊಂದು ಹೇಳಿಕೆ ಹೊರಡಿಸಿತು. ಈ ಬಾರಿ ‘ಲೇ’ ವಾಪಸು ಬಂತು. ತಾವು ಹೇಳುತ್ತಿರುವುದು ಸುಧಾರಣಾ ಪರಂಪರೆ ‘ನಂಬಿಕೆಯಿಂದಲೇ’ ಎಂದಾಗ ಹೇಳಿದ್ದಕ್ಕೆ ಹೊಂದುತ್ತದೆ ಎಂದು ಅದು ಹೇಳಿಕೊಂಡಿತು. ಸರಿ. ಆದರೆ ಕೊನೆಯಲ್ಲಿ ಇನ್ನೂ ಚರ್ಚೆಯಾಗಬೇಕಾದ ವಿಷಯಗಳು ಎಂದು ಇಟ್ಟ ಪಟ್ಟಿಯಲ್ಲಿ ಶುದ್ಧೀಕರಣಸ್ಥಳ, ಪಾಪದಂಡನೆಯ ವಿನಾಯಿತಿ ಇವುಗಳ ಜೊತೆಗೆ, ಕ್ರಿಸ್ತನ ನೀತಿ ವಿಶ್ವಾಸಿಯ ಲೆಕ್ಕಕ್ಕೆ ಜಮೆಯಾಗುತ್ತದೆ ಎಂಬ ಬೋಧನೆಯೂ ಸೇರಿತ್ತು. ಸುಧಾರಕರ ಪಾಲಿಗೆ ಆ ‘ಲೇ’ಯ ಒಳಗಿನ ತಿರುಳೇ ಅದು. ವಿಮರ್ಶಕರು ಇದನ್ನೂ ಒಪ್ಪದಿದ್ದುದು ಹಟದಿಂದಲ್ಲ.

ಇದರಲ್ಲಿ ನಷ್ಟ ಯಾರಿಗೆ? ನಾನು ಯಾವ ಸಭೆಯ ವಕೀಲನೂ ಅಲ್ಲ. ನನ್ನ ಕಣ್ಣ ಮುಂದೆ ಇರುವವರು ಈ ಮಾತನ್ನು ನಂಬಿ ಬದುಕುವ ಸಾಮಾನ್ಯರು. ಸಾವಿನ ಹಾಸಿಗೆಯಲ್ಲಿರುವ ಒಬ್ಬಾಕೆ ‘ನಾನಿನ್ನೂ ಏನಾದರೂ ಮಾಡಬೇಕಿದೆಯೇ?’ ಎಂದು ಕೇಳಿದರೆ, ‘ಇಲ್ಲ, ಎಲ್ಲ ಮುಗಿದಿದೆ’ ಎನ್ನುವ ಪಾಸ್ಟರ್ ಒಂದು ಸಾಂತ್ವನ ಕೊಡುತ್ತಾರೆ. ಪಾಪನಿವೇದನೆ ಕೇಳಿ, ತೈಲ ಹಚ್ಚಿ ಕೈಹಿಡಿಯುವ ಕಥೋಲಿಕ ಗುರು ಇನ್ನೊಂದು ಸಾಂತ್ವನ ಕೊಡುತ್ತಾರೆ. ಎರಡಕ್ಕೂ ಘನತೆ ಇದೆ, ಎರಡೂ ಒಂದೇ ಅಲ್ಲ. ಈ ವ್ಯತ್ಯಾಸಕ್ಕಾಗಿ ಮನೆಯವರ ಮುನಿಸು ಕಟ್ಟಿಕೊಂಡು ಸಭೆ ಬದಲಿಸಿದವರು ಎರಡೂ ದಿಕ್ಕಿನಲ್ಲಿ ಇದ್ದಾರೆ. ಅವರು ದುಬಾರಿ ಬೆಲೆ ತೆತ್ತು ಕೊಂಡದ್ದನ್ನು, ಅವರನ್ನು ಕೇಳದೆ, ನಾಯಕರು ಒಂದು ಮೇಜಿನ ಸುತ್ತ ಕೂತು ರದ್ದುಮಾಡುವ ಹಾಗಿಲ್ಲ.

ಇಂಥ ಒಂದೊಂದು ಪದಕ್ಕಾಗಿಯೇ ಯುರೋಪು ಮೂವತ್ತು ವರ್ಷ ರಕ್ತ ಹರಿಸಿತಲ್ಲವೇ ಎಂದು ನೀವು ಕೇಳಬಹುದು. 1618ರಿಂದ 1648ರವರೆಗಿನ ಆ ಯುದ್ಧದಲ್ಲಿ ರಾಜರ ಕೈಯಲ್ಲಿ ಕತ್ತಿ ಇತ್ತು, ಧರ್ಮ ಅದಕ್ಕೆ ಒರೆಯಾಗಿತ್ತು. ಕತ್ತಿ ಕಸಿಯಬೇಕು, ನಿಜ. ಪದವನ್ನು ಅಳಿಸಿದರೆ ಕತ್ತಿ ಇದ್ದಲ್ಲೇ ಇರುತ್ತದೆ. ಭಿನ್ನಾಭಿಪ್ರಾಯವನ್ನು ಬಾಯಿಬಿಟ್ಟು ಹೇಳಿಯೂ ಪಕ್ಕದಲ್ಲಿ ಕೂರುವುದು ಸಹಬಾಳ್ವೆ. ಅದನ್ನು ಹೇಳದಿದ್ದರೆ ಮಾತ್ರ ಕೂರುತ್ತೇವೆ ಎನ್ನುವವರ ನಡುವಿನದು ಬರೀ ಅಂಜಿಕೆ.

ಹಾಗೆಂದು ಬೇಲಿ ಹಾಕುವುದನ್ನೇ ವಿವೇಚನೆ ಎಂದುಕೊಂಡವರ ಪರ ನಾನಿಲ್ಲ. 1957ರಲ್ಲಿ ಬಿಲಿ ಗ್ರಹಾಂ ನ್ಯೂಯಾರ್ಕಿನ ಸುವಾರ್ತಾ ಕೂಟಗಳಿಗೆ ಉದಾರವಾದಿ ಸಭೆಗಳೂ ಇದ್ದ ಪ್ರಾಟೆಸ್ಟೆಂಟ್ ಮಂಡಳಿಯ ಪ್ರಾಯೋಜನೆ ಒಪ್ಪಿಕೊಂಡಾಗ ಮೂಲಭೂತವಾದಿಗಳು ಅವರಿಂದ ದೂರವಾದರು. ಆಮೇಲೆ ಅವರೊಂದಿಗೆ ವೇದಿಕೆ ಹಂಚಿಕೊಂಡವರಿಂದಲೂ ದೂರವಾದರು. ಅಲ್ಲಿ ಪರೀಕ್ಷೆಯಾದದ್ದು ಗ್ರಹಾಂ ಸಾರಿದ ವಾಕ್ಯವಲ್ಲ, ಅವರ ಪಕ್ಕದ ಕುರ್ಚಿ. ಯಾರ ಜೊತೆ ಕೂತೆ ಎಂದು ಕೇಳುವುದು ಸುಲಭ. ಏನು ಹೇಳಿದೆ ಎಂದು ಕೇಳಲು ಓದುವ ಶ್ರಮ ಬೇಕು.

ಹಾಗಾದರೆ ಒಂದಾಗುವುದು ಹೇಗೆ? ಉತ್ತರದ ಒಂದು ಪಾಲು ನಮ್ಮ ನೆರೆಯಲ್ಲೇ ಇದೆ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ 28 ವರ್ಷ ನಡೆದು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಅದರಲ್ಲಿ ಸೇರಿದವು. ಮೈಸೂರು ಸೀಮೆಯ ಕನ್ನಡ ಸಭೆಗಳೂ ಸೇರಿದವು. ಬಿಷಪ್ ಪದವಿಯ ಬಗ್ಗೆ ಅವರಲ್ಲಿ ಒಮ್ಮತ ಇರಲಿಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ. ಬಿಷಪ್ಪರನ್ನು ಒಪ್ಪುತ್ತೇವೆ, ಆದರೆ ಆ ಪದವಿಯ ಯಾವುದೇ ಒಂದು ವ್ಯಾಖ್ಯಾನಕ್ಕೆ ಯಾರೂ ಬದ್ಧರಲ್ಲ ಎಂದು ತಮ್ಮ ಸಂವಿಧಾನದಲ್ಲೇ ಬರೆದುಕೊಂಡರು. ಹಳೆಯ ಪಾದ್ರಿಗಳಿಗೆ ಮತ್ತೆ ದೀಕ್ಷೆ ಬೇಡ ಎಂದರು, ಹೊಂದಿಕೊಳ್ಳಲು ಮೂವತ್ತು ವರ್ಷದ ಅವಧಿ ಇಟ್ಟರು. ಕವಿ ಟಿ. ಎಸ್. ಎಲಿಯಟ್ ಈ ಯೋಜನೆಯ ವಿರುದ್ಧ 1943ರಲ್ಲೇ ಒಂದು ಕಿರುಹೊತ್ತಗೆ ಬರೆದಿದ್ದ. ಅವನ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಭಿನ್ನಮತ ಕಾಗದದ ಮೇಲೆ ಎದ್ದು ಕಾಣುವಂತೆಯೇ ಇತ್ತು. ಆದರೆ ಒಂದು ಸಭೆಯ ಒಪ್ಪಂದದ ಮಾತುಗಳನ್ನು ಕವಿಯೊಬ್ಬ ಅಷ್ಟು ಹಟದಿಂದ ಓದಿದ್ದು ನನಗೆ ಮೆಚ್ಚುಗೆ.

ನಾಯಕರಲ್ಲಿ ನನ್ನ ಬೇಡಿಕೆ ಸರಳ. ಜೊತೆಗೆ ಮಾಡುವ ಕೆಲಸಕ್ಕೆ ಜೊತೆಗೆ ಸಹಿ ಹಾಕಿ: ಕೈದಿಗಳ ಸೇವೆ, ಹಸಿದವರ ಊಟ, ಹುಟ್ಟದ ಮಕ್ಕಳ ಪರವಾದ ಹೋರಾಟ. ಒಪ್ಪಿದ ನಂಬಿಕೆಯನ್ನು ಬೇರೆ ಪುಟದಲ್ಲಿ ಬರೆಯಿರಿ. ಒಪ್ಪದ್ದನ್ನು ಮೂರನೆಯ ಪುಟದಲ್ಲಿ ಬರೆಯಿರಿ, ಎಲ್ಲಕ್ಕಿಂತ ದೊಡ್ಡ ಭಿನ್ನಮತ ಅದರ ಮೊದಲ ಸಾಲಿನಲ್ಲೇ ಇರಲಿ. ಓದುವವರಿಗೂ ಒಂದು ಕೆಲಸವಿದೆ. ಮುಂದಿನ ಜಂಟಿ ಹೇಳಿಕೆ ಕೈಗೆ ಬಂದಾಗ ಕೆಳಗಿನ ಸಹಿಗಳಿಗೆ ಹೋಗುವ ಮೊದಲು, ಮೇಲಿನ ವಾಕ್ಯಗಳಲ್ಲಿ ಆ ‘ಲೇ’ ಇದೆಯೇ ಎಂದು ನೋಡಿ.