ಸಂಶಯಕ್ಕೂ ಜಾಗವಿರಲಿ

ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕೇರಳ. ಅಲ್ಲಿಯ ಸಿರಿಯನ್ ಕ್ರೈಸ್ತರು ತಮ್ಮ ಮೂಲಪುರುಷನೆಂದು ನಂಬಿರುವುದು ಸಂತ ತೋಮನನ್ನು. ಗಾಯ ಮುಟ್ಟಿ ನೋಡದೆ ನಂಬೆನೆಂದ ಶಿಷ್ಯನೀತ. ಗುರು ಅವನನ್ನು ಹೊರಗಟ್ಟಲಿಲ್ಲ.

ನಂಬಿಕೆಯಲ್ಲಿ ಸಂಶಯಕ್ಕೆ ಜಾಗವಿದ್ದಂತೆ ದೇಶಭಕ್ತಿಯಲ್ಲಿ ಭಿನ್ನತೆಗೂ ಜಾಗವಿರಬೇಡವೇ? 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ‘ಯೆಹೋವನ ಸಾಕ್ಷಿಗಳು’ ಪಂಥದ ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವಿಷಯ ವಿಧಾನಸಭೆಯಲ್ಲೂ ಪ್ರಸ್ತಾಪವಾಗಿತ್ತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಮೌನವಾಗಿ ನಿಲ್ಲುವುದು ಅಗೌರವವಲ್ಲವೆಂದು ಹೇಳಿ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.

ಆ ಪಂಥದ ನಿಲುವನ್ನು ಒಪ್ಪದ ಕ್ರೈಸ್ತರೇ ಹೆಚ್ಚು. ಆದರೂ ಸಂವಿಧಾನದ 25ನೇ ವಿಧಿ ಒಬ್ಬನ ಆತ್ಮಸಾಕ್ಷಿಯನ್ನೂ ಕಾಯುತ್ತದೆ. ಮಗು ‘ಯಾಕೆ ನಂಬಬೇಕು?’ ಎಂದು ಕೇಳಿದಾಗ ಹೆತ್ತವರು ಗದರಿಸುವ ಮೊದಲು ತೋಮನನ್ನು ನೆನೆಯಲಿ.